ಎಳೆಗೂಸಿಗೆ ಆರ್‌ಎಸ್‌ವಿ: ಯಾವ ಸಿರಪ್ ಎಂದು ಕೇಳುವ ಮೊದಲು ಮನೆಯವರ ಕೈ ತೊಳೆಸಿ

ಮಳೆಗಾಲ ಹಿಡಿಯಿತೆಂದರೆ ನನಗೆ ಬರುವ ಪತ್ರಗಳೆಲ್ಲ ಒಂದೇ ಥರ. ಎರಡು ತಿಂಗಳ ಮಗುವಿಗೆ ಮೂಗು ಕಟ್ಟಿದೆ, ಎದೆಯಲ್ಲಿ ಗೊರಗೊರ ಅನ್ನುತ್ತಿದೆ, ಯಾವ ಸಿರಪ್ ಕೊಡಬೇಕು? ಹೋದ ವರ್ಷವೂ ಇದೇ, ಅದರ ಹಿಂದಿನ ವರ್ಷವೂ ಇದೇ. ಈ ಶೀತ ಮಗುವಿಗೆ ಬಂದಿದ್ದು ಯಾರಿಂದ, ಬರದ ಹಾಗೆ ತಡೆಯಬಹುದಿತ್ತಾ ಎಂದು ಕೇಳುವವರು ತೀರಾ ಕಡಿಮೆ. ಈ ಸಲ ಅಂಥದ್ದೊಂದು ಪತ್ರ ಬಂದಿದೆ. ಹಾಗಾಗಿ ಹೆಚ್ಚಿನ ಜಾಗ ಅದಕ್ಕೇ ಕೊಡುತ್ತೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

2025ರ ಜನವರಿ ನೆನಪಿದೆಯಲ್ವಾ? ಬೆಂಗಳೂರಿನಲ್ಲಿ ಎರಡು ಕೂಸುಗಳಿಗೆ ಎಚ್‌ಎಂಪಿವಿ ಎಂಬ ಶೀತ ಕೆಮ್ಮಿನ ವೈರಸ್ ಇದೆ ಎಂದು ಸುದ್ದಿಯಾಯಿತು. ಟಿವಿಯವರು ಇಡೀ ದಿನ ಅದನ್ನೇ ತೋರಿಸಿದರು, ಜನ ಮತ್ತೆ ಲಾಕ್‌ಡೌನ್ ಬರುತ್ತದೆ ಎಂದು ಹೆದರಿದರು. ಅದರದೇ ಬಳಗದ ಆರ್‌ಎಸ್‌ವಿ (ರೆಸ್ಪಿರೇಟರಿ ಸಿನ್ಸಿಶಿಯಲ್ ವೈರಸ್) ಪ್ರತಿ ವರ್ಷ ಮಕ್ಕಳ ವಾರ್ಡ್ ತುಂಬಿಸುತ್ತದೆ. ಅದರ ಹೆಸರು ಎಷ್ಟೋ ತಂದೆತಾಯಿಗೆ ಗೊತ್ತಾಗುವುದು ಮಗು ಆಕ್ಸಿಜನ್ ಮೇಲೆ ಇರುವಾಗ.

ಪ್ರಶ್ನೆ: ಮಗಳಿಗೆ ಹೆರಿಗೆಯಾಗಿ ಆರು ವಾರ. ಮಗು ಚೆನ್ನಾಗಿದೆ, ತೂಕವೂ ಸರಿಯಾಗಿದೆ. ಬರುವ ತಿಂಗಳು ನಾಮಕರಣ ಇಟ್ಟುಕೊಂಡಿದ್ದೇವೆ, ನೂರೈವತ್ತು ಜನ ಆಗುತ್ತಾರೆ. ದೊಡ್ಡ ಮಗಳ ಮಗ ಎಲ್‌ಕೆಜಿ, ಅವನಿಗೆ ಯಾವಾಗಲೂ ಮೂಗು ಸೋರುತ್ತಿರುತ್ತದೆ, ಅವರೂ ಇಲ್ಲೇ ಇದ್ದಾರೆ. ಪಕ್ಕದ ಬೀದಿಯ ಮಗುವೊಂದು ಆರ್‌ಎಸ್‌ವಿ ಆಗಿ ಐಸಿಯುನಲ್ಲಿತ್ತು. ನಮ್ಮ ಮಗುವಿಗೆ ಬರದ ಹಾಗೆ ಏನು ಮಾಡಬೇಕು? ಇಂಜೆಕ್ಷನ್ ಇದೆ ಎನ್ನುತ್ತಾರೆ, ನಿಜವಾ? (ಓದುಗರು, ದಾವಣಗೆರೆ)

ಅಮ್ಮಾ, ಇಂಜೆಕ್ಷನ್ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಆ ನೂರೈವತ್ತು ಜನರ ಊಟವನ್ನು ಮುಂದಕ್ಕೆ ಹಾಕಿ. ಶಾಸ್ತ್ರ ಬೇಕೇ ಬೇಕು ಅಂದರೆ ಮನೆ ಮಟ್ಟಿಗೆ ತೊಟ್ಟಿಲಿಗೆ ಹಾಕಿ ಹೆಸರಿಡಿ. ಊರಿಗೆಲ್ಲ ಊಟ ಹಾಕುವುದನ್ನು ಮಗುವಿಗೆ ಆರು ತಿಂಗಳು ತುಂಬಿದ ಮೇಲೆ ಇಟ್ಟುಕೊಳ್ಳಿ. ಇದು ಅತಿಯಾಯಿತು ಎಂದು ನಿಮಗೆ ಅನಿಸಬಹುದು, ಬೀಗರಿಗಂತೂ ಅನಿಸಿಯೇ ಅನಿಸುತ್ತದೆ. ಆದರೆ ಈ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ, ಯಾಕೆ ಅಂತ ಹೇಳುತ್ತೇನೆ ಕೇಳಿ.

ಈ ವೈರಸ್ ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆ ಬಂದೇ ಬರುತ್ತದೆ. ಜೀವಮಾನವಿಡೀ ಬರದ ಹಾಗೆ ತಡೆಯಲು ಯಾರಿಂದಲೂ ಆಗದು, ಅಂಥ ಆಸೆ ಇಟ್ಟುಕೊಳ್ಳಬೇಡಿ. ನಾವು ಮಾಡಬಹುದಾದ್ದು ಅದನ್ನು ತಡ ಮಾಡುವುದು. ಒಂದೂವರೆ ವರ್ಷದ ಮಗುವಿಗೆ ಬಂದರೆ ಸಾಮಾನ್ಯವಾಗಿ ಒಂದು ವಾರದ ಶೀತ, ಕೆಮ್ಮು, ಸ್ವಲ್ಪ ಜ್ವರ, ಅಷ್ಟೇ. ನಿಮಗೆ ನನಗೆ ಬಂದರೆ ಎರಡು ದಿನ ಗಂಟಲು ಕೆರೆತ. ಅದೇ ವೈರಸ್ ಆರು ವಾರದ ಕೂಸಿಗೆ ಬಂದಾಗ ಮೂಗಿನಲ್ಲೇ ನಿಲ್ಲದೆ ಶ್ವಾಸಕೋಶದ ತೀರಾ ಸಣ್ಣ ನಳಿಕೆಗಳಿಗೆ ಇಳಿಯಬಹುದು. ಅಲ್ಲಿನ ಒಳಪೊರೆ ಊದಿಕೊಳ್ಳುತ್ತದೆ, ಸತ್ತ ಜೀವಕೋಶಗಳೂ ಲೋಳೆಯೂ ಸೇರಿ ದಾರಿ ಮುಚ್ಚಿಬಿಡುತ್ತವೆ. ನಳಿಕೆಯ ಅಗಲ ಅರ್ಧಕ್ಕೆ ಇಳಿದರೆ ಗಾಳಿ ಹರಿಯುವುದಕ್ಕೆ ಆಗುವ ಅಡ್ಡಿ ಎರಡು ಪಟ್ಟಲ್ಲ, 16 ಪಟ್ಟು ಹೆಚ್ಚುತ್ತದೆ. ದೊಡ್ಡವರ ನಳಿಕೆಯಲ್ಲಿ ಒಂದಿಷ್ಟು ಊತ ಬಂದರೆ ಗೊತ್ತೂ ಆಗುವುದಿಲ್ಲ. ಕೂಸಿಗೆ ಅಷ್ಟೇ ಊತ ಸಾಕು, ಹಾಲು ಕುಡಿಯಲೂ ಉಸಿರು ಸಾಲುವುದಿಲ್ಲ. ಇದನ್ನೇ ನಾವು ಬ್ರಾಂಕಿಯೋಲೈಟಿಸ್ ಅನ್ನುವುದು.

2019ರಲ್ಲಿ ಇಡೀ ಪ್ರಪಂಚದಲ್ಲಿ ಐದು ವರ್ಷದೊಳಗಿನ ಸುಮಾರು 1 ಲಕ್ಷ ಮಕ್ಕಳು ಆರ್‌ಎಸ್‌ವಿಯಿಂದ ತೀರಿಕೊಂಡರು ಎಂದು ತಜ್ಞರ ಅಂದಾಜು. ಅದರಲ್ಲಿ 45,000ಕ್ಕೂ ಹೆಚ್ಚು ಆರು ತಿಂಗಳೂ ತುಂಬದ ಕೂಸುಗಳು. ಈ ಸಾವುಗಳಲ್ಲಿ ನೂರಕ್ಕೆ 97ಕ್ಕಿಂತ ಜಾಸ್ತಿ ಆಗಿದ್ದು ನಮ್ಮಂಥ ದೇಶಗಳಲ್ಲಿ. ಅವಧಿಗೆ ಮೊದಲೇ ಹುಟ್ಟಿದ ಮಗು, ಹುಟ್ಟಿನಿಂದ ಹೃದಯದ ತೊಂದರೆ ಇರುವ ಮಗು, ಡೌನ್ ಸಿಂಡ್ರೋಮ್ ಇರುವ ಮಗು, ಇವಕ್ಕೆ ಅಪಾಯ ಇನ್ನೂ ಹೆಚ್ಚು ನಿಜ. ಹಾಗಂತ "ಮಗು ಚೆನ್ನಾಗಿದೆ, ತೂಕ ಸರಿಯಾಗಿದೆ" ಎಂದು ನೀವು ಬರೆದಿದ್ದನ್ನು ನಂಬಿಕೊಂಡು ಕೂರಬೇಡಿ. ಆರ್‌ಎಸ್‌ವಿ ಆಗಿ ಆಸ್ಪತ್ರೆ ಸೇರುವ ಕೂಸುಗಳಲ್ಲಿ ಬಹುಪಾಲು ದಿನ ತುಂಬಿ ಹುಟ್ಟಿದ, ಬೇರೆ ಯಾವ ಕಾಯಿಲೆಯೂ ಇಲ್ಲದ ಮಕ್ಕಳೇ.

ಈಗ ನಿಮ್ಮ ಎಲ್‌ಕೆಜಿ ಮೊಮ್ಮಗನ ವಿಷಯ. ಅವನನ್ನು ಬೈಯಬೇಡಿ, ಅವನದೇನೂ ತಪ್ಪಿಲ್ಲ. ಆದರೆ ಅವನು ಸ್ಕೂಲಿಂದ ಬಂದಾಗ ಏನಾಗುತ್ತದೆ ಅಂತ ಒಂದು ದಿನ ಸುಮ್ನೆ ಕೂತು ನೋಡಿ. ಬ್ಯಾಗ್ ಎಸೆಯುತ್ತಾನೆ, ಮುಂಗೈಯಿಂದ ಮೂಗು ಒರೆಸಿಕೊಳ್ಳುತ್ತಾನೆ, ಸೀದಾ ತೊಟ್ಟಿಲ ಹತ್ತಿರ ಓಡುತ್ತಾನೆ, ಪಾಪುವಿನ ಕೆನ್ನೆ ಮುಟ್ಟುತ್ತಾನೆ, ಬೆರಳು ಕೊಟ್ಟು ಹಿಡಿಸುತ್ತಾನೆ. ಪಾಪು ಆ ಮುಷ್ಟಿಯನ್ನು ಬಾಯಿಗೆ ಇಟ್ಟುಕೊಂಡು ಅದೇ ಕೈಯನ್ನು ಮೂಗು ಕಣ್ಣಿಗೆಲ್ಲ ಸವರಿಕೊಳ್ಳುತ್ತದೆ. ಆಗಿಹೋಯಿತು. ಈ ವೈರಸ್ ಕೆಮ್ಮು ಸೀನಿನ ಹನಿಯಲ್ಲಿ ಬರುತ್ತದೆ, ಕೈಯಿಂದಲೂ ಅಷ್ಟೇ ಸಲೀಸಾಗಿ ಬರುತ್ತದೆ. ತೊಟ್ಟಿಲ ಕಂಬಿ, ಬಾಗಿಲ ಹಿಡಿ, ಪ್ಲಾಸ್ಟಿಕ್ ಗಿಲಕಿ ಇಂಥ ಗಟ್ಟಿ ವಸ್ತುಗಳ ಮೇಲೆ ಗಂಟೆಗಟ್ಟಲೆ ಬದುಕಿರುತ್ತದೆ. ಒಳಗೆ ಹೊಕ್ಕ ಮೇಲೆ ಸಾಮಾನ್ಯವಾಗಿ ನಾಲ್ಕರಿಂದ ಆರು ದಿನಕ್ಕೆ ಶೀತ ಕಾಣಿಸಿಕೊಳ್ಳುತ್ತದೆ. ಶೀತ ಕಾಣಿಸುವ ಒಂದೆರಡು ದಿನ ಮೊದಲೇ ಅದು ಇನ್ನೊಬ್ಬರಿಗೆ ಹರಡಲು ಶುರುವಾಗಿರಬಹುದು. ಹಾಗಾಗಿ "ನಂಗೇನೂ ಕೆಮ್ಮಿಲ್ಲ, ಕೊಡಿ ಇಲ್ಲಿ ಮಗೂನ" ಎನ್ನುವವರಿಗೂ ಕೈ ತೊಳೆಯುವುದರಿಂದ ವಿನಾಯಿತಿ ಇಲ್ಲ.

ಮಾಡಬೇಕಾದ್ದು ಇಷ್ಟು. ಹುಡುಗ ಸ್ಕೂಲಿಂದ ಬಂದ ಕೂಡಲೇ ಕೈಕಾಲು ಮುಖ ಸೋಪು ಹಾಕಿ ತೊಳೆಸಿ, ಬಟ್ಟೆ ಬದಲಾಯಿಸಿ. ಮೂಗು ಸೋರುವ ದಿನಗಳಲ್ಲಿ ಪಾಪುವನ್ನು ದೂರದಿಂದ ಮಾತಾಡಿಸಲಿ, ಮುಟ್ಟಲೇಬೇಕೆಂದರೆ ಪಾದ ಮುಟ್ಟಲಿ. ಮಗುವನ್ನು ಎತ್ತಿಕೊಳ್ಳುವ ಎಲ್ಲರೂ, ನೀವೂ ಸೇರಿ, ಮೊದಲು ಕೈ ತೊಳೆಯಬೇಕು. ಸೋಪಿಗೂ ಸ್ಯಾನಿಟೈಸರ್‌ಗೂ ಈ ವೈರಸ್ ಸಾಯುತ್ತದೆ, ದುಬಾರಿ ಲಿಕ್ವಿಡ್ ಏನೂ ಬೇಡ. ಮಗುವಿನ ಮುಖಕ್ಕೆ, ಕೈಗೆ ಯಾರೂ ಮುತ್ತು ಕೊಡಬಾರದು. ಮಗುವಿಗೆ ನೀರು ಹಾಕಲು ಬರುವ ಅಜ್ಜಿಗೆ ಕೆಮ್ಮಿದ್ದರೆ ಅವತ್ತು ಸ್ನಾನವೇ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕೆಮ್ಮಿಲ್ಲದಿದ್ದರೂ ಆಕೆ ಮಗುವಿನ ಮೂಗಿಗೆ ಕಿವಿಗೆ ಬಾಯಿಂದ ಊದುವುದು, ಮೂಗಿಗೆ ಎಣ್ಣೆ ಬಿಡುವುದು, ಇವೆರಡನ್ನೂ ಇವತ್ತೇ ನಿಲ್ಲಿಸಿ. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದೇ ಒಂದು ನ್ಯುಮೋನಿಯಾ ಆಗುತ್ತದೆ.

ಬಾಣಂತಿಗೇ ಶೀತ ಆದರೆ? ಎದೆಹಾಲು ನಿಲ್ಲಿಸಬಾರದು. ಮಾಸ್ಕ್ ಹಾಕಿಕೊಂಡು, ಕೈ ತೊಳೆದು ಕುಡಿಸಲಿ. ತಾಯಿಗೆ ಶೀತ ಅಂತ ಹಾಲು ಬಿಡಿಸಿ ಬಾಟಲಿ ಹಿಡಿಸುವುದು ಎಂಥ ಕೆಟ್ಟ ಸಲಹೆ ಎಂದರೆ, ಅದನ್ನು ಕೊಟ್ಟವರು ಯಾರೇ ಇರಲಿ, ಇನ್ನೊಮ್ಮೆ ಅವರ ಮಾತು ಕೇಳಬೇಡಿ. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರಿದ್ದರೆ ಬಿಡಲಿ. ಆಚೆ ಹೋಗಿ ಸೇದಿ ಬಂದು ಅದೇ ಅಂಗಿಯಲ್ಲಿ ಮಗು ಎತ್ತಿಕೊಂಡರೂ ಹೊಗೆಯ ಅಂಶ ಮಗುವಿಗೆ ಹೋಗುತ್ತದೆ.

ಹಿರಿಯರು ನೋಡಲು ಬಂದಾಗ ದೂರ ಇರಿ ಅನ್ನುವುದು ಹೇಗೆ ಅಂತ ತುಂಬಾ ಜನ ಹೆಣ್ಣುಮಕ್ಕಳು ನನ್ನ ಹತ್ತಿರ ಕೇಳುತ್ತಾರೆ. ಸೊಸೆ ಹೇಳಿದರೆ ಸೊಕ್ಕು ಎನ್ನುತ್ತಾರೆ, ಗೊತ್ತು. ಅದಕ್ಕೇ ಈ ಮಾತನ್ನು ನೀವೇ ಹೇಳಬೇಕು ಅಮ್ಮಾ, ಮಗಳ ಬಾಯಲ್ಲಿ ಹೇಳಿಸಬೇಡಿ. ಡಾಕ್ಟರ್ ಬೈದಿದ್ದಾರೆ ಎಂದು ಹೇಳಿ, ಬೈದದ್ದು ನಿಜವೇ. ಬಂದವರಿಗೆ ಕಾಫಿ ಕೊಡಿ, ಮಗುವನ್ನು ಬಾಗಿಲಿನಿಂದ ತೋರಿಸಿ, ಕಳಿಸಿ. ಶೀತ ಇಟ್ಟುಕೊಂಡು ಕೂಸು ನೋಡಲು ಬರುವುದು ಪ್ರೀತಿಯಿಂದಲೇ ಇರಬಹುದು. ಆದರೆ ಅದರ ಬೆಲೆ ತೆರುವುದು ಕೂಸು.

ಇನ್ನು ಇಂಜೆಕ್ಷನ್. ನೀವು ಕೇಳಿದ್ದು ನಿಜ. ಎರಡು ದಾರಿ ಇವೆ, ಎರಡೂ ಹೊಸವು. ಒಂದು, ಗರ್ಭಿಣಿಗೆ ಕೊನೆಯ ತಿಂಗಳುಗಳಲ್ಲಿ ಕೊಡುವ ಲಸಿಕೆ. ತಾಯಿಯ ಮೈಯಲ್ಲಿ ತಯಾರಾದ ಪ್ರತಿಕಾಯ, ಅಂದರೆ ವೈರಸ್ ತಡೆಯುವ ಪ್ರೋಟೀನ್, ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಹೋಗುತ್ತದೆ, ಹುಟ್ಟಿದ ಮೇಲೆ ಮೊದಲ ಕೆಲವು ತಿಂಗಳು ಕಾಯುತ್ತದೆ. ನಿಮ್ಮ ಮಗಳಿಗೆ ಹೆರಿಗೆ ಆಗಿರುವುದರಿಂದ ಈ ಸಲಕ್ಕೆ ಆ ದಾರಿ ಮುಗಿಯಿತು. ಇನ್ನೊಂದು ನಿರ್ಸೆವಿಮ್ಯಾಬ್. ಇದನ್ನು ಎಲ್ಲರೂ ಲಸಿಕೆ ಎನ್ನುತ್ತಾರೆ, ಆದರೆ ಲಸಿಕೆ ಅಲ್ಲ, ತಯಾರಾದ ಪ್ರತಿಕಾಯವನ್ನೇ ಮಗುವಿನ ತೊಡೆಗೆ ಚುಚ್ಚುವುದು. ಒಂದೇ ಡೋಸ್, ಐದು ಕೆಜಿಗಿಂತ ಕಡಿಮೆ ಇದ್ದರೆ 50 ಮಿಲಿಗ್ರಾಂ, ಮೇಲಿದ್ದರೆ 100. ಕನಿಷ್ಠ ಐದು ತಿಂಗಳು ರಕ್ಷಣೆ. 2023ರಲ್ಲಿ ಪ್ರಕಟವಾದ ಯುರೋಪಿನ ದೊಡ್ಡ ಪರೀಕ್ಷೆಯೊಂದರಲ್ಲಿ ಆರ್‌ಎಸ್‌ವಿಯಿಂದ ಆಸ್ಪತ್ರೆ ಸೇರುವುದನ್ನು ಅದು ನೂರಕ್ಕೆ 83ರಷ್ಟು ತಗ್ಗಿಸಿತು. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಎಲ್ಲ ದೇಶಗಳಿಗೂ ಈ ಎರಡರಲ್ಲಿ ಒಂದನ್ನು ತನ್ನಿ ಎಂದು ಹೇಳಿದೆ. ನಮ್ಮ ಸರ್ಕಾರದ ಉಚಿತ ಲಸಿಕೆ ಪಟ್ಟಿಯಲ್ಲಿ ಇವಿಲ್ಲ. ನಿಮ್ಮ ಮಕ್ಕಳ ಡಾಕ್ಟರ್ ಹತ್ತಿರ ನೇರವಾಗಿ ಕೇಳಿ, ಸಿಕ್ಕಿದರೆ, ಕೈಗೆಟುಕಿದರೆ ಹಾಕಿಸಿ. ಅವಧಿಗೆ ಮುಂಚೆ ಹುಟ್ಟಿದ ಮಗುವೋ ಹೃದಯದ ತೊಂದರೆ ಇರುವ ಮಗುವೋ ಆದರೆ ಕೇಳುವುದನ್ನು ಒಂದು ದಿನವೂ ಮುಂದೂಡಬೇಡಿ.

ಇಷ್ಟು ವರ್ಷ ಯಾಕೆ ಇದಕ್ಕೆ ಲಸಿಕೆ ಬರಲಿಲ್ಲ ಅಂತ ಕೆಲವರು ಅನುಮಾನದಿಂದ ಕೇಳುತ್ತಾರೆ, ಹೇಳಿಬಿಡುತ್ತೇನೆ. ಈ ವೈರಸ್ ಗೊತ್ತಾಗಿದ್ದು 1956ರಲ್ಲಿ, ಅಮೆರಿಕದ ಲ್ಯಾಬ್ ಒಂದರ ಚಿಂಪಾಂಜಿಗಳಿಗೆ ಶೀತ ಬಂದಾಗ. ಹತ್ತು ವರ್ಷದ ಬಳಿಕ ಅದೇ ದೇಶದಲ್ಲಿ ಫಾರ್ಮಲಿನ್ ಎಂಬ ರಾಸಾಯನಿಕದಲ್ಲಿ ಸಾಯಿಸಿದ ವೈರಸ್‌ನಿಂದ ಲಸಿಕೆ ಮಾಡಿ ಮಕ್ಕಳ ಮೇಲೆ ಪರೀಕ್ಷಿಸಿದರು. ಲಸಿಕೆ ಪಡೆದ ಮಕ್ಕಳಿಗೇ ಆಮೇಲೆ ಕಾಯಿಲೆ ಜೋರಾಗಿ ಬಂತು, ಇಬ್ಬರು ತೀರಿಕೊಂಡರು. ಆ ಹೆದರಿಕೆಯಲ್ಲಿ ಕೆಲಸ ದಶಕಗಟ್ಟಲೆ ಹಿಂದೆ ಬಿತ್ತು. ಜೀವಕೋಶದೊಳಗೆ ನುಗ್ಗುವ ಮೊದಲು ವೈರಸ್‌ನ ಮೇಲಿನ ಎಫ್ ಪ್ರೋಟೀನ್ ಯಾವ ಆಕಾರದಲ್ಲಿರುತ್ತದೆ ಎಂಬುದು 2013ರಲ್ಲಿ ಸ್ಪಷ್ಟವಾಯಿತು. ಆ ಆಕಾರಕ್ಕೆ ಗುರಿಯಿಟ್ಟು ಮಾಡಿದ್ದೇ ಈಗಿನ ತಾಯಂದಿರ ಲಸಿಕೆ ಮತ್ತು ನಿರ್ಸೆವಿಮ್ಯಾಬ್. ಹಳೆಯದಕ್ಕೂ ಇವಕ್ಕೂ ಸಂಬಂಧವೇ ಇಲ್ಲ. ಹಳೆಯ ಕಥೆಯನ್ನು ಅರ್ಧ ಓದಿ ವಾಟ್ಸಾಪ್‌ನಲ್ಲಿ ಹೆದರಿಸುವವರನ್ನು ನಂಬಬೇಡಿ.

ಹಾಗೇ, ಆರು ವಾರ ಅಂದಿರಿ. ತಾಯಿ ಕಾರ್ಡ್ ತೆಗೆದು ನೋಡಿ, ಪೆಂಟಾವೇಲೆಂಟ್ ಮತ್ತು ಪಿಸಿವಿ ಲಸಿಕೆ ಹಾಕಿಸುವ ಹೊತ್ತು ಇದೇ. ಅವು ಆರ್‌ಎಸ್‌ವಿ ತಡೆಯುವುದಿಲ್ಲ, ನ್ಯುಮೋನಿಯಾ ತರುವ ಬೇರೆ ರೋಗಾಣುಗಳನ್ನು ತಡೆಯುತ್ತವೆ.

ಇಷ್ಟೆಲ್ಲ ಮಾಡಿಯೂ ಶೀತ ಬಂದರೆ ಎರಡೇ ವಿಷಯ ನೋಡಿ, ಉಸಿರು ಮತ್ತು ಹಾಲು. ಮಗು ಮಲಗಿರುವಾಗ ಅಂಗಿ ಮೇಲೆತ್ತಿ, ಫೋನಿನಲ್ಲಿ ಟೈಮರ್ ಇಟ್ಟು, ಹೊಟ್ಟೆ ಏರುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಕೂಸುಗಳ ಉಸಿರು ಏರುಪೇರಾಗಿರುತ್ತದೆ. ಎರಡು ತಿಂಗಳೊಳಗಿನ ಮಗುವಿಗೆ 60 ಅಥವಾ ಅದಕ್ಕಿಂತ ಜಾಸ್ತಿ, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಜಾಸ್ತಿ ಬಂದರೆ ಆಸ್ಪತ್ರೆಗೆ ಹೊರಡಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ಪ್ರತಿ ಉಸಿರಿಗೂ ನರಳುತ್ತಿದ್ದರೆ ಎಣಿಸುತ್ತಾ ಕೂರುವುದೂ ಬೇಡ. ಹಾಲು ಎಂದಿನ ಅರ್ಧಕ್ಕೆ ಇಳಿದರೆ, ಉಚ್ಚೆ ಕಡಿಮೆಯಾದರೆ ಕೂಡ ಹೊರಡಿ. ಮೂರು ತಿಂಗಳೊಳಗಿನ ಮಗುವಿಗೆ 100.4 ಜ್ವರ ಬಂದರೆ ಬೇರೇನೂ ಇಲ್ಲದಿದ್ದರೂ ಡಾಕ್ಟರ್ ನೋಡಲೇಬೇಕು. ತುಟಿ ನೀಲಿಯಾದರೆ, ಉಸಿರು ನಿಂತು ನಿಂತು ಬಂದರೆ 108ಕ್ಕೆ ಫೋನ್ ಮಾಡಿ. ತೀರಾ ಎಳೆ ಕೂಸುಗಳಲ್ಲಿ ಕೆಮ್ಮೇ ಇಲ್ಲದೆ ಹೀಗೆ ಉಸಿರು ತಡೆದು ನಿಲ್ಲುವುದೇ ಮೊದಲ ಲಕ್ಷಣ ಆಗಿರಬಹುದು. ಇನ್ನೊಂದು ಮಾತು, ಈ ಕಾಯಿಲೆ ಮೂರರಿಂದ ಐದನೇ ದಿನಕ್ಕೆ ಜೋರಾಗುತ್ತದೆ. ಎರಡನೇ ದಿನ ಡಾಕ್ಟರ್ "ಎದೆ ಚೆನ್ನಾಗಿದೆ" ಅಂದರು ಎಂದು ನಾಲ್ಕನೇ ದಿನ ಮನೆಯಲ್ಲೇ ಕೂತಿರಬೇಡಿ.

ಮನೆಯಲ್ಲಿ ಮಾಡಬಹುದಾದ್ದು ಮೂಗು ಬಿಡಿಸುವುದು. ಕೂಸು ಹೆಚ್ಚಾಗಿ ಮೂಗಿನಲ್ಲೇ ಉಸಿರಾಡುತ್ತದೆ, ಮೂಗು ಕಟ್ಟಿದರೆ ಮೊಲೆ ಕಚ್ಚಿ ಬಿಟ್ಟು ಅಳುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಾದಾ ಸಲೈನ್ ಡ್ರಾಪ್ಸ್ ಹಾಲು ಕುಡಿಸುವ ಮೊದಲು ಎರಡೆರಡು ಹನಿ ಬಿಡಿ. ಸ್ವಲ್ಪ ಸ್ವಲ್ಪವಾಗಿ, ಮೇಲಿಂದ ಮೇಲೆ ಕುಡಿಸಿ. ಡ್ರಾಪ್ಸ್ ಕೊಳ್ಳುವಾಗ ಸಲೈನ್ ಎಂದೇ ಕೇಳಿ ತೆಗೆದುಕೊಳ್ಳಿ, ದೊಡ್ಡವರ ಮೂಗಿನ ಡ್ರಾಪ್ಸ್ ಕೂಸಿಗೆ ಹಾಕಬಾರದು.

ಪ್ರಶ್ನೆ: ಆಂಟಿಬಯಾಟಿಕ್ ಕೊಟ್ಟರೆ ಬೇಗ ಕಡಿಮೆ ಆಗುವುದಿಲ್ಲವೇ? (ಹುಬ್ಬಳ್ಳಿ)

ಇಲ್ಲ. ಇದು ವೈರಸ್.

ಪ್ರಶ್ನೆ: ಐದು ತಿಂಗಳ ಮಗುವಿಗೆ ಒಳ್ಳೆಯ ಕೆಮ್ಮಿನ ಸಿರಪ್ ತಿಳಿಸಿ. (ಮಂಡ್ಯ)

ಒಳ್ಳೆಯದು ಯಾವುದೂ ಇಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಕಿಡ್ನಿ ಕೆಟ್ಟು ಸತ್ತರು. ಅದಾದ ಮೇಲೆ ಕೇಂದ್ರ ಆರೋಗ್ಯ ಇಲಾಖೆಯೇ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ಶೀತದ ಸಿರಪ್ ಬೇಡ ಎಂದು ಹೇಳಿತು. ವಿಷ ಇಲ್ಲದ ಸಿರಪ್ ಆದರೂ ಈ ವಯಸ್ಸಿಗೆ ಪ್ರಯೋಜನ ಇಲ್ಲ, ನಿದ್ದೆ ಹತ್ತಿಸಿ ಉಸಿರು ಇನ್ನಷ್ಟು ಕೆಡಿಸಬಹುದು. ಅಂಗಡಿಯವರನ್ನು ಕೇಳಿ ಕೂಸಿಗೆ ಔಷಧಿ ತರುವುದನ್ನು ದಯವಿಟ್ಟು ಬಿಡಿ.

ಪ್ರಶ್ನೆ: ಮನೆಗೇ ನೆಬ್ಯುಲೈಸರ್ ತಂದಿದ್ದೇವೆ. ದಿನಕ್ಕೆ ಎಷ್ಟು ಸಲ ಹಿಡಿಯಬೇಕು? (ಬೆಂಗಳೂರು)

ಡಾಕ್ಟರ್ ಬರೆದುಕೊಡದಿದ್ದರೆ ಒಂದು ಸಲವೂ ಬೇಡ. ಅಸ್ತಮಾದಲ್ಲಿ ನಳಿಕೆಯ ಸ್ನಾಯು ಬಿಗಿಯುತ್ತದೆ, ನೆಬ್ಯುಲೈಸರ್‌ನಲ್ಲಿ ಹಾಕುವ ಔಷಧಿ ಅದನ್ನು ಸಡಿಲಿಸುತ್ತದೆ. ಇಲ್ಲಿ ದಾರಿ ಮುಚ್ಚಿರುವುದು ಊತ ಮತ್ತು ಲೋಳೆಯಿಂದ. ಹಾಗಾಗಿ ಬಹಳಷ್ಟು ಕೂಸುಗಳಿಗೆ ಅದರಿಂದ ಏನೂ ಆಗುವುದಿಲ್ಲ, ಎದೆ ಬಡಿತ ಮಾತ್ರ ಜೋರಾಗುತ್ತದೆ. ಸ್ಟೀರಾಯ್ಡ್ ಕೂಡ ಹಾಗೇ, ಮಾಮೂಲಿಯಾಗಿ ಕೊಡುವಂಥದ್ದಲ್ಲ. ಆಸ್ಪತ್ರೆಯಲ್ಲಿ ನಾವು ಕೊಡುವುದು ಆಕ್ಸಿಜನ್, ಹಾಲು ಅಥವಾ ಡ್ರಿಪ್, ಮೂಗಿನ ಸಕ್ಷನ್. "ಇಷ್ಟೇನಾ, ಬೇರೆ ಏನೂ ಕೊಡಲ್ವಾ" ಎಂದು ಜಗಳ ಮಾಡಿ ಡಿಸ್ಚಾರ್ಜ್ ಮಾಡಿಸಿಕೊಂಡು ಹೋಗುವವರಿದ್ದಾರೆ. ಇಷ್ಟೇ, ಮತ್ತು ಇಷ್ಟರಿಂದಲೇ ಮಗು ಉಳಿಯುತ್ತದೆ.

ಪ್ರಶ್ನೆ: ಅತ್ತೆ ದೊಡ್ಡಪತ್ರೆ ರಸಕ್ಕೆ ಜೇನು ಸೇರಿಸಿ ನೆಕ್ಕಿಸುತ್ತಾರೆ, ಸ್ನಾನ ಆದಮೇಲೆ ಸಾಂಬ್ರಾಣಿ ಹಾಕುತ್ತಾರೆ, ರಾತ್ರಿ ಎದೆಗೆ ವಿಕ್ಸ್ ಹಚ್ಚುತ್ತಾರೆ. ಮೂರು ತಿಂಗಳ ಮಗು. ಸರಿಯೇ? (ತುಮಕೂರು)

ಮೂರೂ ತಪ್ಪು. ಒಂದು ವರ್ಷ ತುಂಬುವ ತನಕ ಜೇನು ಮುಟ್ಟಿಸಬಾರದು, ಅದರಲ್ಲಿ ಇರಬಹುದಾದ ಬೊಟುಲಿಸಂ ರೋಗಾಣು ಕೂಸಿನ ನರಗಳನ್ನೇ ಸೋಲಿಸುತ್ತದೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ದೊಡ್ಡಪತ್ರೆ, ತುಳಸಿ, ಬಜೆ ಯಾವುದೂ ಬೇಡ. ಸಾಂಬ್ರಾಣಿ ಹೊಗೆಯೂ ಹೊಗೆಯೇ. ಮೊದಲೇ ಊದಿದ ನಳಿಕೆಗೆ ಕೆಂಡದ ಹೊಗೆ ಹಿಡಿಯುವುದನ್ನು ಯಾವ ಸಂಪ್ರದಾಯದ ಹೆಸರಲ್ಲೂ ನಾನು ಒಪ್ಪುವುದಿಲ್ಲ. ಕೂದಲು ಒಣಗಬೇಕಾದರೆ ಟವೆಲ್ ಇದೆ. ವಿಕ್ಸ್ ಎರಡು ವರ್ಷದೊಳಗೆ ಹಚ್ಚುವಂತಿಲ್ಲ, ಅದರಲ್ಲಿರುವ ಕರ್ಪೂರ ಮೈಯೊಳಗೆ ಹೋದರೆ ಫಿಟ್ಸ್ ಬರಬಹುದು. ಬಿಸಿನೀರಿನ ಹಬೆಯೂ ಬೇಡ, ಮಕ್ಕಳಿಗೆ ಸುಟ್ಟ ಗಾಯ ಆಗುವುದಕ್ಕೆ ಅದೂ ಒಂದು ಕಾರಣ. ಅತ್ತೆಯವರಿಗೆ ಈ ಉತ್ತರವನ್ನು ಓದಿ ಹೇಳಿ. ಮಗುವಿನ ಮೇಲಿನ ಪ್ರೀತಿಯಿಂದಲೇ ಅವರು ಇದನ್ನೆಲ್ಲ ಮಾಡುವುದು, ಜಗಳ ಬೇಡ, ಆದರೆ ನಿಲ್ಲಬೇಕು.

ಇದೇ ಮಾತಿನಲ್ಲಿ ಇನ್ನೊಂದು ಹೇಳಬೇಕು. ಉಸಿರು ಕಟ್ಟಿದ ಕೂಸಿಗೆ ಹೊಟ್ಟೆಯ ಮೇಲೆ ಬರೆ ಹಾಕಿಸುವುದು ಇನ್ನೂ ಕೆಲವು ಕಡೆ ನಿಂತಿಲ್ಲ. ಅದು ಚಿಕಿತ್ಸೆ ಅಲ್ಲ, ಮಗುವಿನ ಮೇಲಿನ ಹಿಂಸೆ. ಆಕ್ಸಿಜನ್ ಸಿಗಬೇಕಾದ ಹೊತ್ತಿನಲ್ಲಿ ಗಾಯ ಸಿಗುತ್ತದೆ, ಆಮೇಲೆ ಆ ಗಾಯಕ್ಕೆ ಕೀವು. ನಿಮ್ಮ ಊರಿನಲ್ಲಿ ಇದನ್ನು ಮಾಡುವವರಿದ್ದರೆ 1098ಕ್ಕೆ, ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿ ತಿಳಿಸಿ.

ಪ್ರಶ್ನೆ: ಸೊಸೆಗೆ ನ್ಯೂಜೆರ್ಸಿಯಲ್ಲಿ ಡಿಸೆಂಬರ್‌ಗೆ ಹೆರಿಗೆ. ಬಾಣಂತನಕ್ಕೆ ನಾವಿಬ್ಬರೂ ಹೋಗುತ್ತಿದ್ದೇವೆ. ಅಲ್ಲಿ ಅವಳಿಗೆ ಲಸಿಕೆ ಹೇಳಿದ್ದಾರೆ, ಹಾಕಿಸಬಹುದಾ? (ಮೈಸೂರು)

ಹಾಕಿಸಲಿ. ಅಲ್ಲಿ ಆರ್‌ಎಸ್‌ವಿ ಜೋರಾಗಿರುವುದೇ ಚಳಿಗಾಲದಲ್ಲಿ. ಸೆಪ್ಟೆಂಬರ್‌ನಿಂದ ಜನವರಿವರೆಗೆ, 32ರಿಂದ 36 ವಾರದ ಗರ್ಭಿಣಿಯರಿಗೆ ಕೊಡುತ್ತಾರೆ. ಲಸಿಕೆ ಆಗಿ ಎರಡು ವಾರದೊಳಗೆ ಹೆರಿಗೆಯಾದರೆ, ಅಥವಾ ಲಸಿಕೆ ತಪ್ಪಿಹೋದರೆ, ಮಗುವಿಗೆ ಪ್ರತಿಕಾಯದ ಇಂಜೆಕ್ಷನ್ ಹಾಕಿಸಬೇಕು. ಸಾಮಾನ್ಯವಾಗಿ ಎರಡರಲ್ಲಿ ಒಂದು ಸಾಕು. ನೀವಿಬ್ಬರೂ ಇಲ್ಲಿಂದ ಹೊರಡುವ ಎರಡು ವಾರ ಮೊದಲೇ ಫ್ಲೂ ಲಸಿಕೆ ಮತ್ತು ನಾಯಿಕೆಮ್ಮಿನ ಬೂಸ್ಟರ್ ಹಾಕಿಸಿಕೊಳ್ಳಿ. ವಿಮಾನ ಇಳಿದು ಸೀದಾ ಮಗು ಎತ್ತಿಕೊಳ್ಳಬೇಡಿ. ಅಷ್ಟು ದೂರ ಹೋಗಿರುತ್ತೀರಿ, ಕಷ್ಟ ಅಂತ ಗೊತ್ತು. ಆದರೂ ಮೊದಲ ಒಂದು ವಾರ ಮಾಸ್ಕ್ ಹಾಕಿಕೊಂಡೇ ಎತ್ತಿಕೊಳ್ಳಿ. ಹಿರಿಯರಿಗೂ ಈ ವೈರಸ್ ಒಳ್ಳೆಯದಲ್ಲ, ಎದೆ ಅಥವಾ ಹೃದಯದ ತೊಂದರೆ ಇದ್ದರೆ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿಯೇ ಹೊರಡಿ.

ಪ್ರಶ್ನೆ: ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲ ಅಲ್ವಾ? (ಶಿವಮೊಗ್ಗ)

ಬರುತ್ತದೆ. ಎರಡನೇ ಸಲ ಸಾಮಾನ್ಯವಾಗಿ ಅಷ್ಟು ಜೋರಿರುವುದಿಲ್ಲ. ಮೊದಲ ಸಲ ಆಸ್ಪತ್ರೆ ಸೇರಿದ್ದ ಕೆಲವು ಮಕ್ಕಳಿಗೆ ಮುಂದಿನ ಒಂದೆರಡು ವರ್ಷ ಶೀತ ಆದಾಗೆಲ್ಲ ಎದೆ ಸುಯ್‌ಗುಟ್ಟಬಹುದು. ಡಿಸ್ಚಾರ್ಜ್ ಚೀಟಿಯನ್ನು ಎಸೆಯದೆ ಇಟ್ಟುಕೊಂಡು ಪ್ರತಿ ಸಲ ಡಾಕ್ಟರ್‌ಗೆ ತೋರಿಸಿ.